ಕ್ಯೋಟೋ ನಗರದಲ್ಲಿ ಐದಕ್ಷರ

794ರಿಂದ ಸಾವಿರ ವರ್ಷಗಳಿಗೂ ಮಿಕ್ಕಿ ಜಪಾನಿನ ರಾಜಧಾನಿಯಾಗಿದ್ದ ಕ್ಯೋಟೋ ನಗರವನ್ನು ನಾವು ಸಕುಟುಂಬರಾಗಿ ಸಂದರ್ಶಿಸಿದೆವು. ಅಲ್ಲಿಯ ತೋಜಿ ದೇವಾಲಯವನ್ನು ಚಕ್ರವರ್ತಿಯು 823ರಲ್ಲಿ ಕೂಕಾಯ್ ಎಂಬ ಯತಿಗೆ ಒಪ್ಪಿಸಿದನು. ಈ ಯತಿಯು ಚೀನಕ್ಕೆ ಹೋಗಿ ಸಂಸ್ಕೃತವನ್ನು ಅಭ್ಯಸಿಸಿ ಬಂದವನು. ಉಪದೇಶಮಂದಿರದಲ್ಲಿ ಹಂಸವಾಹನನಾದ ಬ್ರಹ್ಮನನ್ನೂ ಗಜಾರೂಢನಾದ ಇಂದ್ರನನ್ನೂ ಕಂಡು ನಮ್ಮ ಮನೆಯವರು ಕೈಮುಗಿದರು. ಎಲ್ಲವೂ ನಮ್ಮದೇ ಎಂದು ನಾವು ಹಿಗ್ಗಿದೆವು.

ಆ ಹಿಗ್ಗು ಬಹುಕಾಲ ನಿಲ್ಲಲಿಲ್ಲ. ಮರುದಿನ ಪೂರ್ವದ ಬೆಟ್ಟಗಳ ತಪ್ಪಲಿನ ಸಮಾಧಿಸ್ಥಾನವೊಂದರಲ್ಲಿ, ಉದ್ದವಾದ ಮರದ ಹಲಗೆಗಳ ಮೇಲೆ ಮಸಿಯಿಂದ ಬರೆದ ಲಿಪಿಯನ್ನು ಕಂಡೆವು. ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಹಿರಿಯರ ಸಮಾಧಿಗೆ ನೀರೆರೆಯುತ್ತಿದ್ದ ವೃದ್ಧನೊಬ್ಬನು ನಮ್ಮ ತೊಡಕನ್ನು ಕಂಡು, ಬೆರಳಿಟ್ಟು ಮೇಲಿನಿಂದ ಓದಿದನು: "ಕ್ಯ, ಕ, ರ, ಬ, ಅ." ಒಡನೆ ನಮಗೆ ಹೊಳೆಯಿತು. ಉಚ್ಚಾರ ಮಾತ್ರ ಬೇರೆ. ಅವು ಖ, ಹ, ರ, ವ, ಅ, ಎಂದರೆ ಆಕಾಶ, ವಾಯು, ಅಗ್ನಿ, ಜಲ, ಪೃಥಿವಿಗಳ ಬೀಜಾಕ್ಷರಗಳು! ನಮ್ಮಲ್ಲಿ ಬಳಕೆ ತಪ್ಪಿಹೋದ ಸಿದ್ಧಂ ಲಿಪಿಯನ್ನು ಅವರು ಮೃತರ ಸ್ಮರಣೆಗಾಗಿ ಇಂದಿಗೂ ಬರೆಯುತ್ತಿರುವರು.

ನಾವು ಆ ವೃದ್ಧನಿಗೆ ನಮಸ್ಕರಿಸಿದೆವು. ಆತನೂ ನಡುಬಾಗಿ ವಂದಿಸಿದನು. ಹಿಂದಿರುಗುವಾಗ ಮನೆಯವರು ಮೆಲ್ಲನೆ, "ಇಷ್ಟು ವರ್ಷ ಹೇಳಿಕೊಟ್ಟಿರಿ, ಇಂದು ಹೇಳಿಸಿಕೊಂಡಿರಿ" ಎಂದರು. ನಮಗೆ ಮಾರುತ್ತರ ತೋಚಲಿಲ್ಲ.