ಜೊತೆಯಾಟಗಾರ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜ್ಯಾಕ್ ಟ್ವೈಮನ್ 1959-60ರಲ್ಲಿ ಪಂದ್ಯವೊಂದಕ್ಕೆ ಸರಾಸರಿ 31 ಅಂಕ ಗಳಿಸಿದವನು. ಅವನನ್ನು ನೆನೆಯಬೇಕಾದುದು ಬೇರೊಂದು ಕಾರಣಕ್ಕೆ.

1958ರ ಮಾರ್ಚ್ ತಿಂಗಳಲ್ಲಿ ಅವನ ಸಿನ್ಸಿನಾಟಿ ರಾಯಲ್ಸ್ ತಂಡದ ಮಾರಿಸ್ ಸ್ಟೋಕ್ಸ್ ಆಡುತ್ತಲೇ ಬಿದ್ದು, ತಲೆಗೆ ಪೆಟ್ಟಾಗಿ ಮೂರ್ಛೆಹೋದನು. ಎಚ್ಚರವಾದೊಡನೆ ಮತ್ತೆ ಆಡಿದನು! ಮೂರು ದಿನಗಳ ತರುವಾಯ ದೇಹವೆಲ್ಲ ಸ್ತಬ್ಧವಾಯಿತು. ವಯಸ್ಸು 24.

ಸ್ಟೋಕ್ಸ್ ಕಪ್ಪು ಜನಾಂಗದವನು, ಟ್ವೈಮನ್ ಬಿಳಿಯ; ಆ ನಾಡಿನಲ್ಲಿ ಅಂದು ಇದು ಅಲ್ಪ ಮಾತಲ್ಲ. ಒಂದು ವರ್ಷ ಕಿರಿಯನಾದ ಟ್ವೈಮನ್ ಕಾನೂನಿನ ಮೂಲಕ ಗೆಳೆಯನ ಪೋಷಕನಾದನು. ವೈದ್ಯವೆಚ್ಚಕ್ಕೆಂದು ಸಹಾಯಾರ್ಥ ಪಂದ್ಯಗಳನ್ನು ಏರ್ಪಡಿಸಿದನು. ಮಾತು ನಿಂತ ಗೆಳೆಯನೆದುರು ಒಂದೊಂದೇ ಅಕ್ಷರವನ್ನು ಹೇಳುವನು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಕಣ್ಣು ಮಿಟುಕಿಸುವನು. 1966ರಲ್ಲಿ ಆಟ ಬಿಟ್ಟ ಮೇಲೆಯೂ, 1970ರಲ್ಲಿ ಸ್ಟೋಕ್ಸ್ ತೀರಿಕೊಳ್ಳುವವರೆಗೆ, ಈ ಪೋಷಣೆ ನಡೆಯಿತು.

2004ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರವು ಸ್ಟೋಕ್ಸನನ್ನು ಗೌರವಿಸಿತು. ಅವನ ಪರವಾಗಿ ಅದನ್ನು ಸ್ವೀಕರಿಸಿದವನು ಎಪ್ಪತ್ತು ವರ್ಷದ ಟ್ವೈಮನ್.