ಹೊರಡಲೆಂದೇ ಕಟ್ಟಿದ ಊರು

ದೋಣಿಗಳು ಹುಲ್ಲಿನ ಮೇಲೆ ನಿಂತಿದ್ದವು. ಪ್ರವಾಸಿಗರ ಕಣ್ಣಿಗೆಂದು ದುರಸ್ತಿ ಮಾಡಿ, ಆಸರೆ ಕೊಟ್ಟು ನಿಲ್ಲಿಸಿರುವ ಮರದ ಮೀನುದೋಣಿಗಳು. ನಮ್ಮ ಸಿಟಿ ಬಸ್ಸಿಗಿಂತ ಹೆಚ್ಚೇನೂ ದೊಡ್ಡವಲ್ಲ. ಇಂಥವುಗಳಲ್ಲಿ ಮುದುಕರು, ಬಸುರಿಯರು, ಹಾಲು ಕುಡಿಯುವ ಕೂಸುಗಳು ಒತ್ತೊತ್ತಾಗಿ ಕೂತು ದಕ್ಷಿಣ ಚೀನಾ ಸಮುದ್ರ ದಾಟಿದ್ದನ್ನು ಎಷ್ಟೋ ಕಡೆ ಓದಿದ್ದೆ. ಹಲಗೆಯನ್ನು ಮುಟ್ಟಿ ಅದರ ದಪ್ಪ ನೋಡಿದಾಗ ಮಾತ್ರ ಮೈ ಜುಮ್ಮೆಂದಿತು. ಅವರಿಗೂ ಕಡಲಿಗೂ ನಡುವೆ ಇದ್ದದ್ದು ಇಷ್ಟೇ ಮರ!

ಈ ದೋಣಿಗಳಿರುವ ಗಲಾಂಗ್ ದ್ವೀಪ ಇರುವುದು ಸಿಂಗಪುರದ ದಕ್ಷಿಣಕ್ಕೆ, ಇಂಡೊನೇಷ್ಯಾದ ರಿಯಾವು ದ್ವೀಪಗಳಲ್ಲಿ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ಹಳೆಯ ಸರ್ಕಾರದ ಸೈನಿಕರು, ನೌಕರರು, ‘ಮರುಶಿಕ್ಷಣ’ ಶಿಬಿರಗಳಿಗೆ ಹೆದರಿದವರು, ಅಂಗಡಿ ಕಳೆದುಕೊಂಡ ಚೀನೀ ಮೂಲದ ವ್ಯಾಪಾರಿಗಳು ರಾತ್ರೋರಾತ್ರಿ ಕಡಲಿಗಿಳಿದರು. ಎರಡು ದಶಕಗಳಲ್ಲಿ ಸುಮಾರು 8 ಲಕ್ಷ ಮಂದಿ ಹಾಂಗ್‌ಕಾಂಗಿನಿಂದ ಇಂಡೊನೇಷ್ಯಾವರೆಗಿನ ಯಾವುದೋ ಒಂದು ದಡ ಸೇರಿದರು. ಸೇರದೇ ಹೋದವರ ಲೆಕ್ಕ ಯಾರಲ್ಲೂ ಇಲ್ಲ. ಬಿರುಗಾಳಿ, ಬಾಯಾರಿಕೆ, ಥಾಯ್ಲೆಂಡ್ ಕೊಲ್ಲಿಯ ಕಡಲ್ಗಳ್ಳರು ಎಲ್ಲರೂ ತಮ್ಮ ಪಾಲು ಕಿತ್ತುಕೊಂಡರು. 1979ರ ನಡುವಿಗೆ ಮಲೇಷ್ಯಾದ ಪುಟ್ಟ ಬಿಡೊಂಗ್ ದ್ವೀಪವೊಂದರಲ್ಲೇ ಸುಮಾರು 40,000 ಜನ ತುಂಬಿಕೊಂಡಿದ್ದರು. ಅದೇ ವರ್ಷ ಗಲಾಂಗ್‌ನ ನಿರಾಶ್ರಿತರ ಶಿಬಿರ ಬಾಗಿಲು ತೆರೆಯಿತು. ಮುಚ್ಚಿದ್ದು 1996ರಲ್ಲಿ. ಅಷ್ಟರಲ್ಲಿ ಲಕ್ಷಕ್ಕೂ ಮೀರಿದ ಜನ ಇಲ್ಲಿ ಇದ್ದು ಹೋಗಿದ್ದರು.

ಶಿಬಿರ ಎಂದರೆ ಟೆಂಟುಗಳ ಸಾಲು ಎಂದುಕೊಂಡು ಬಂದವರಿಗೆ ಇಲ್ಲಿ ಕಾಣುವುದು ಒಂದು ಊರು. ಆಸ್ಪತ್ರೆ, ಶಾಲೆ, ಚರ್ಚು, ಬೌದ್ಧ ದೇಗುಲ, ಕೊನೆಗೆ ಒಂದು ಜೈಲು ಕೂಡ. ಜನ ಎರಡು ಭಾಗವಾಗಿದ್ದರು. ಗಲಾಂಗ್ ಒಂದರಲ್ಲಿ ಹೊಸದಾಗಿ ಬಂದವರು. ಗಲಾಂಗ್ ಎರಡರಲ್ಲಿ ಅಮೆರಿಕವೋ ಮತ್ತೊಂದು ದೇಶವೋ ‘ಬನ್ನಿ’ ಎಂದು ಒಪ್ಪಿಕೊಂಡವರು. ಈ ಎರಡನೆಯವರಿಗೆ ಇಂಗ್ಲಿಷ್ ಪಾಠ, ಹೊಸ ದೇಶದ ರೀತಿನೀತಿಯ ಪಾಠ. ಹಿಮವನ್ನೇ ಕಾಣದ ಮೆಕಾಂಗ್ ಬಯಲಿನ ರೈತ, ಸಮಭಾಜಕದ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ, ಹಿಮ ಬೀಳುವ ಊರಿನಲ್ಲಿ ಬದುಕುವುದನ್ನು ಕಲಿಯುತ್ತಿದ್ದ! ಇಲ್ಲಿ ಕಲಿತದ್ದೆಲ್ಲ ಇಲ್ಲಿಂದ ಹೊರಡುವುದಕ್ಕೆ. ಇಂಡೊನೇಷ್ಯಾ ತಂಗಲು ಜಾಗ ಕೊಟ್ಟಿತೇ ಹೊರತು ನೆಲೆಸಲು ಕೊಡಲಿಲ್ಲ.

ಹಳೆಯ ಕಚೇರಿ ಈಗ ವಸ್ತುಸಂಗ್ರಹಾಲಯ. ಗೋಡೆ ತುಂಬ ಗುರುತಿನ ಫೋಟೊಗಳು. ಒಬ್ಬರೂ ನಗುತ್ತಿಲ್ಲ. ಹೊರಗೆ ಬ್ಯಾರಕ್ಕುಗಳನ್ನು ಕಾಡು ನುಂಗುತ್ತಿದೆ. ಸೂರು ಕುಸಿದಲ್ಲಿ ಗಿಡಗಳು ತಲೆ ಎತ್ತಿವೆ. ದೇಗುಲಕ್ಕೆ ಮಾತ್ರ ಇಂದಿಗೂ ಜೀವವಿದೆ. ಹತ್ತಿರದ ಬಾತಾಮ್ ದ್ವೀಪದ ಚೀನೀಯರು ಬಂದು ಊದುಬತ್ತಿ ಹಚ್ಚುತ್ತಾರೆ. ಅಲ್ಲಿರುವವಳು ಕ್ವಾನ್ ಆಮ್, ಕಡಲಿಗೆ ಹೋದವರನ್ನು ಕಾಯುವ ಕರುಣೆಯ ತಾಯಿ. ಅವಳ ಮೂಲ ನಮ್ಮ ಬೌದ್ಧರ ಅವಲೋಕಿತೇಶ್ವರ, ಲೋಕೇಶ್ವರ ಎಂದರೂ ಅವನೇ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ 968ರ ಲೋಕೇಶ್ವರನ ಕಂಚಿನ ಮೂರ್ತಿ ನೋಡಿದವರಿಗೆ ಈ ನೆಂಟಸ್ತಿಕೆ ಬೆರಗು ಹುಟ್ಟಿಸದೆ ಇರದು.

ಎಲ್ಲ ಕಥೆಯೂ ಪಾರಾದವರದ್ದಲ್ಲ. ಜೊತೆಯ ನಿರಾಶ್ರಿತರಿಂದಲೇ ಅತ್ಯಾಚಾರಕ್ಕೆ ಒಳಗಾಗಿ ಜೀವ ಕಳೆದುಕೊಂಡ ಹೆಣ್ಣಿನ ನೆನಪಿಗೆ ಒಂದು ಪ್ರತಿಮೆಯಿದೆ. 1989ರಲ್ಲಿ, ಗೊತ್ತುಮಾಡಿದ ಒಂದು ತಾರೀಕಿನ ನಂತರ ಬಂದವರಿಗೆ, ನಿಯಮ ಬಿಗಿಯಾಯಿತು: ಕಿರುಕುಳಕ್ಕೆ ಅಂಜಿ ಓಡಿಬಂದದ್ದು ಎಂದು ತೋರಿಸಿಕೊಟ್ಟವನಷ್ಟೇ ನಿರಾಶ್ರಿತ, ಉಳಿದವರು ವಾಪಸು. ಅದೇ ಕಡಲು ದಾಟಿ, ಅದೇ ಹಸಿವು ಉಂಡು ಬಂದವರು ತಾರೀಕು ತಪ್ಪಿದ್ದಕ್ಕೆ ಬೇರೆ ಜಾತಿಯವರಾದರು. ಉಪವಾಸ ಕೂತರು, ಕೆಲವರು ಬೆಂಕಿ ಹಚ್ಚಿಕೊಂಡರು. ವಾಪಸು ಕಳಿಸುವುದು ನಿಲ್ಲಲಿಲ್ಲ.

ಸ್ಮಶಾನದಲ್ಲಿ 500ಕ್ಕೂ ಹೆಚ್ಚು ಸಮಾಧಿಗಳಿವೆ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನೆಲೆ ಕಂಡವರು ಹಿಂದಿರುಗಿ ಬಂದು ಸುಣ್ಣಬಣ್ಣ ಮಾಡಿಸುತ್ತಾರೆ, ಹೂವು ಇಟ್ಟು ಹೋಗುತ್ತಾರೆ. 2005ರಲ್ಲಿ ಅಂಥವರ ಗುಂಪೊಂದು ಸತ್ತವರ ನೆನಪಿಗೆ, ಆಸರೆ ಕೊಟ್ಟವರಿಗೆ ಕೃತಜ್ಞತೆಗೆ ಒಂದು ಸ್ಮಾರಕ ಫಲಕ ನಿಲ್ಲಿಸಿತು. ವಿಯೆಟ್ನಾಂ ಸರ್ಕಾರ ಆಕ್ಷೇಪಿಸಿತು. ಇಂಡೊನೇಷ್ಯಾ ಫಲಕವನ್ನು ತೆಗೆಸಿತು. ಬಿಡೊಂಗ್‌ನಲ್ಲೂ ಹೀಗೇ ಆಯಿತು. ಒಂದು ಕಲ್ಲಿಗೆ ಹೆದರಿದ ಸರ್ಕಾರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಸಿಂಗಪುರಕ್ಕೆ ಹೋಗುವ ನಮ್ಮವರಲ್ಲಿ ಕೆಲವರು ಬಾತಾಮಿಗೂ ಹೋಗಿಬರುತ್ತಾರೆ. ಹಡಗಿನಲ್ಲಿ ಒಂದು ಗಂಟೆ, ಒಂದಿಷ್ಟು ಶಾಪಿಂಗ್, ಬಾತಾಮನ್ನು ಗಲಾಂಗ್‌ಗೆ ಜೋಡಿಸುವ ಬಾರೆಲಾಂಗ್ ಸೇತುವೆಗಳ ಸಾಲಿನಲ್ಲಿ ಮೊದಲನೆಯದರ ಮೇಲೆ ಫೋಟೊ, ಪಕ್ಕದಲ್ಲೇ ಸುಟ್ಟ ಜೋಳದ ತೆನೆ, ಅಲ್ಲಿಗೆ ಮುಗಿಯಿತು. ದಯವಿಟ್ಟು ಅಲ್ಲಿಂದ ತಿರುಗಬೇಡಿ. ಐದನೆಯ ಸೇತುವೆ ದಾಟಿದರೆ ಗಲಾಂಗ್. ಬಾಡಿಗೆ ಕಾರಿನವನಿಗೆ ‘ಕಾಂಪುಂಗ್ ವಿಯೆಟ್ನಾಂ’ ಎಂದರೆ ಸಾಕು. ಅರ್ಧ ದಿನ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಕೋತಿಗಳಿವೆ, ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಕಾರಿನಿಂದ ಇಳಿಯಬೇಡಿ.