ಸಾಗುವಾನಿಯ ಹಡಗು, ಘೋಡ ನದಿಯ ದಂಡೆ

ಡಿಸೆಂಬರ್ 31, ರಾತ್ರಿ ಎಂಟು ಗಂಟೆ. ತಾರಸಿಯ ಮೇಲಿನ ಕೋಣೆಯಲ್ಲಿ ಮಾವ ಬಿಸಿನೀರಿನ ತಟ್ಟೆಯಿಂದ ಒಂದು ಹಲಗೆ ಎತ್ತುತ್ತಾರೆ. ಹಲಗೆ ಅಂದರೆ ಮೂರು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪ, ನನ್ನ ಅಂಗೈಯಷ್ಟು ಉದ್ದದ ಸಾಗುವಾನಿ ಪಟ್ಟಿ. ಇಪ್ಪತ್ತು ನಿಮಿಷ ನೆನೆದು ಕಪ್ಪಗಾಗಿದೆ. ತುದಿಯಲ್ಲಿ ನೀರಿನ ಹನಿ ತೂಗುತ್ತಿದೆ. ಮಾವ ಅದನ್ನು ಹಳೆ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಿ ಕಿವಿಯ ಹತ್ತಿರ ಹಿಡಿದು ಒಂದಿಷ್ಟೇ ಬಾಗಿಸುತ್ತಾರೆ. ಮರ ಸೀಳುವ ಮೊದಲು ಸಣ್ಣಗೆ ಸದ್ದು ಮಾಡುತ್ತದಂತೆ. ನನಗಂತೂ ಏನೂ ಕೇಳಿಸುವುದಿಲ್ಲ.

"ಇನ್ನೂ ಐದು ನಿಮಿಷ ಬೇಕು ಇದಕ್ಕೆ," ಎಂದು ಮತ್ತೆ ನೀರಿಗೆ ಬಿಡುತ್ತಾರೆ.

ಮೇಜಿನ ಮೇಲೆ, ಟೇಬಲ್ ಲ್ಯಾಂಪಿನ ಹಳದಿ ಬೆಳಕಲ್ಲಿ, ಹಡಗು ಬೋರಲಾಗಿ ಮಲಗಿದೆ. ಅರ್ಧ ಮೈಗೆ ಹಲಗೆ ಬಂದಿದೆ, ಇನ್ನರ್ಧ ಬರೀ ಪಕ್ಕೆಲುಬು. ಇದರ ಹೆಸರು ಟ್ರಿಂಕೋಮಲೀ. ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿಸಿದ, ಮಲಬಾರಿನ ಸಾಗುವಾನಿಯ ಯುದ್ಧನೌಕೆ. ನಿಜವಾದ ಹಡಗಿನ ತೋಪುಗಳ ಅಟ್ಟದ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40. ಮಾವ ಹಿಡಿದಿರುವ ಅಳತೆಯಲ್ಲಿ ಅಡಿಗೆ ಎಂಟನೇ ಒಂದಂಶ ಇಂಚು. ಹಾಗಾಗಿ ಇಲ್ಲಿ ಮಲಗಿರುವುದು ಹತ್ತೊಂಬತ್ತು ಇಂಚಿಗೆ ಸ್ವಲ್ಪ ಕಡಿಮೆ ಉದ್ದದ, ಐದು ಇಂಚು ಅಗಲದ ಹಡಗು. ಇದರ ಮೇಲೆ ಆರಡಿಯ ನಾವಿಕನನ್ನು ನಿಲ್ಲಿಸಿದರೆ ಮುಕ್ಕಾಲು ಇಂಚು ಎತ್ತರವಿದ್ದಾನು.

ಮಾವ ಅಂಕೋಲೆಯವರು. ರಂಜಣಗಾವಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಕೆಲಸ ಸಿಕ್ಕಿ ಈ ಊರಿಗೆ ಬಂದವರು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ರಸ್ತೆಯಲ್ಲಿ, ಘೋಡ ನದಿಯ ದಂಡೆಗಿರುವ ಶಿರೂರು ಇದು. ಅಂಕೋಲೆಯ ಹತ್ತಿರವೂ ಒಂದು ಶಿರೂರು ಇದೆಯಲ್ಲ, 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದಾಗ ಬೆಂಗಳೂರಿನ ನೆಂಟರೆಲ್ಲ ಗಾಬರಿಯಿಂದ ಮಾವನಿಗೇ ಫೋನ್ ಮಾಡಿದ್ದರು. ನಾವು ಇಲ್ಲಿ ಸುರಕ್ಷಿತ ಎಂದು ಅವರು ಒಬ್ಬೊಬ್ಬರಿಗೂ ಹೇಳಿದ್ದರು. ಆಮೇಲೆ ಅಲ್ಲಿಯ ಶಿರೂರಿನ ಪರಿಚಯದವರಿಗೆ ಫೋನ್ ಹಚ್ಚುತ್ತ ಇಡೀ ದಿನ ಕೂತಿದ್ದರಂತೆ.

ಸಮುದ್ರ ಇಲ್ಲಿಂದ ದೂರ. ಮುಂಬಯಿಗೇ ಇನ್ನೂರು ಕಿಲೋಮೀಟರಿನ ಮೇಲಾಗುತ್ತದೆ. ಡಿಸೆಂಬರಿನ ಚಳಿ ಒಣಗಿದ್ದು, ತುಟಿ ಒಡೆಯುವಂಥದ್ದು. ಅಂಕೋಲೆಯ ತೇವದ ಗಾಳಿಯಲ್ಲಿ ನೂರಾರು ಮಳೆಗಾಲ ಕಂಡ ಮರ ಇಲ್ಲಿಗೆ ಬಂದು ಒಂದು ವರ್ಷ ಸುಮ್ಮನೆ ಒಣಗಿತು. ಅಜ್ಜನ ಮನೆ ಬಿಚ್ಚಿದಾಗ ಮಾವ ಪಾಲಿನಲ್ಲಿ ಕೇಳಿ ಪಡೆದದ್ದು ಒಂದೇ ವಸ್ತು, ನಡುಮನೆಯ ಕಿಟಕಿಯ ಚೌಕಟ್ಟು. ಅದನ್ನು ಸಾಮಾನಿನ ಲಾರಿಯಲ್ಲಿ ತರಿಸಿ, ಪಕ್ಕದ ಬೀದಿಯ ಬಡಗಿಯ ಯಂತ್ರದಲ್ಲಿ ಸೀಳಿಸಿ, ಉಳಿದದ್ದನ್ನು ತಾವೇ ಕೀಸಿದರು. ಕೀಸುಳಿಗೆ ಇಲ್ಲಿಯವರು ರಂಧಾ ಅನ್ನುತ್ತಾರೆ. ಮಾವನ ಬಾಯಲ್ಲಿ ಈಗ ಎರಡೂ ಬರುತ್ತವೆ.

ಮಾದರಿ ಹಡಗು ಕಟ್ಟುವವರು ಸಾಗುವಾನಿಯನ್ನು ಇಷ್ಟಪಡುವುದಿಲ್ಲ. ಎಳೆ ಒರಟು, ಚಿಕ್ಕ ಅಳತೆಯಲ್ಲಿ ಅದು ಎದ್ದು ಕಾಣುತ್ತದೆ. ಮರದೊಳಗಿನ ಮರಳಿನಂಥ ಸಿಲಿಕಾ ಬ್ಲೇಡಿನ ಮೊನೆ ತಿನ್ನುತ್ತದೆ. ಎಣ್ಣೆಯ ಅಂಶವಿರುವುದರಿಂದ ಅಂಟು ಹಿಡಿಯುವುದಿಲ್ಲ, ಪ್ರತಿ ಪಟ್ಟಿಯನ್ನೂ ಅಸಿಟೋನಿನಲ್ಲಿ ಒರೆಸಿಯೇ ಅಂಟಿಸಬೇಕು. ಬಾಗಿಸಲು ಹೋದರೆ ಸೀಳುತ್ತದೆ. ಇದನ್ನೆಲ್ಲ ಹೇಳಿ, "ಪೇರಲೆ ಮರ ಆಗೂದಿಲ್ವಾ ಮಾವ?" ಎಂದು ಕೇಳಿದರೆ ಅವರು ತಲೆಯೆತ್ತದೆ ಅಂದರು: "ಆ ಹಡಗು ಇವತ್ತೂ ನೀರಲ್ಲಿ ಯಾಕೆ ಉಂಟು ಹೇಳು ತಂಗಿ?"

ಉತ್ತರ ನನಗೆ ಗೊತ್ತು, ಅವರೇ ಹತ್ತು ಸಲ ಹೇಳಿದ್ದಾರೆ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗುವಾನಿಯ ಎಣ್ಣೆ ಅದೇ ಮೊಳೆಯನ್ನು ಕಾಯುತ್ತದೆ. ನೆಪೋಲಿಯನ್ ವಿರುದ್ಧದ ಯುದ್ಧಕಾಲದಲ್ಲಿ ಓಕ್ ಸಾಲದೆ ಬಂದಾಗ ಬ್ರಿಟಿಷ್ ನೌಕಾಪಡೆ ಮುಂಬಯಿಯ ಕಡೆ ತಿರುಗಿತು. ಟ್ರಿಂಕೋಮಲೀ ಮುಗಿಯುವ ಹೊತ್ತಿಗೆ ಆ ಯುದ್ಧವೇ ಮುಗಿದಿತ್ತು. ಇಂಗ್ಲೆಂಡಿಗೆ ಹೋಗಿ 1845ರವರೆಗೆ ಸುಮ್ಮನೆ ನಿಂತಿತ್ತು. ಆಮೇಲೆ ದೂರದ ಸಮುದ್ರಗಳ ತಿರುಗಾಟ, ಹುಡುಗರ ತರಬೇತಿ ಹಡಗು, ಹೆಸರು ಬದಲು, ಕೊನೆಗೆ ಹಾರ್ಟಲ್‌ಪೂಲಿನಲ್ಲಿ 1990ರಿಂದ 2001ರವರೆಗೆ ಜೀರ್ಣೋದ್ಧಾರ. ಇವತ್ತು ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅದೇ ಅತ್ಯಂತ ಹಳೆಯದು. ನೆಲ್ಸನ್ನನ ವಿಕ್ಟರಿ ಇನ್ನೂ ಹಳೆಯದು ನಿಜ, ಆದರೆ ಅದು ಒಣ ಕಟ್ಟೆಯಲ್ಲಿದೆ. ಘಟ್ಟದ ಮರ ಇನ್ನೂ ನೀರಲ್ಲಿದೆ ಎಂಬುದು ಮಾವನ ಪಾಲಿಗೆ ಮನೆಯ ಸುದ್ದಿ.

ಮೊದಲು ಅವರು ಕಟ್ಟಬೇಕೆಂದಿದ್ದದ್ದು ಇದನ್ನಲ್ಲ. 1665ರಲ್ಲಿ ಶಿವಾಜಿ ಮಾಲವಣದಿಂದ ಹಡಗುಪಡೆ ಕಟ್ಟಿಕೊಂಡು ಬಸ್ರೂರಿನ ಮೇಲೆ ಬಂದರಲ್ಲ, ಮರಳುವಾಗ ಗೋಕರ್ಣ ಮುಟ್ಟಿ ಅಂಕೋಲೆಯ ದಾರಿಯಲ್ಲೇ ಹೋದರಲ್ಲ, ಆ ಕಾಲದ ಒಂದು ಗುರಾಬು ಹಡಗು ಕಟ್ಟುವ ಆಸೆಯಿತ್ತು. ಪುಣೆ ಜಿಲ್ಲೆಯಲ್ಲಿ ಕೂತ ಅಂಕೋಲೆಯವರಿಗೆ ಅದಕ್ಕಿಂತ ಹತ್ತಿರದ ಹಡಗು ಇನ್ನಾವುದು? ಆದರೆ ನಮ್ಮ ಕರಾವಳಿಯ ಬಡಗಿಗಳು ಕಣ್ಣಳತೆಯಲ್ಲೇ ಹಡಗು ಕಟ್ಟಿದವರು, ನಕ್ಷೆ ಬರೆದವರಲ್ಲ. ವರ್ನಿಯರ್ ಹಿಡಿದು ಬದುಕಿದ ಮಾವನಿಗೆ ಊಹೆಯ ಮೇಲೆ ಕಟ್ಟಲು ಮನಸ್ಸು ಬರಲಿಲ್ಲ.

ಟ್ರಿಂಕೋಮಲೀಗೆ ನಕ್ಷೆ ಇದೆ. ಅದರ ಕಥೆಯೇ ಬೇರೆ. ಲಂಡನ್ನಿನಿಂದ ಮುಂಬಯಿಗೆ ಹೊರಟ ಮೊದಲ ನಕ್ಷೆಗಳು ಜಾವಾ ಎಂಬ ಹಡಗಿನಲ್ಲಿದ್ದವು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಅದನ್ನು ಸೋಲಿಸಿತು. ಜಾವಾ ಸುಟ್ಟು ಹೋಯಿತು, ನಕ್ಷೆಗಳೂ ಹೋದವು. ಮತ್ತೆ ಪ್ರತಿ ಮಾಡಿ ಕಳಿಸಬೇಕಾಯಿತು.

ಮಾವನ ನಕ್ಷೆಯೂ ಒಂದು ಸಲ ಹಾಳಾಯಿತು. ಅಡಿಮರದ ಹಾಳೆ ಮೊದಲೇ ಸರಿಯಾಗಿ ಬಂದಿತ್ತು. ಪಕ್ಕೆಲುಬುಗಳ ಹಾಳೆ ಮುದ್ರಿಸಿದ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸುವ ಗುರುತು ತೆಗೆಯದೆ ಬಿಟ್ಟರು. ನೂರಕ್ಕೆ ಮೂರರಷ್ಟು ಕುಗ್ಗಿತು. ನೋಡಿದರೆ ಗೊತ್ತಾಗದು, ಮುಟ್ಟಿದರೂ ಗೊತ್ತಾಗದು. ಹನ್ನೊಂದು ಪಕ್ಕೆಲುಬು ಪ್ಲೈವುಡ್ಡಿನಲ್ಲಿ ಕತ್ತರಿಸಿ ಅಡಿಮರದ ಕಚ್ಚಿಗೆ ಕೂರಿಸಿದಾಗ ಪಟ್ಟಿ ಹಚ್ಚಿ ನೋಡಿದರೆ ಅದು ಅಡಿಮರದ ಗೆರೆಗೆ ಹೊಂದುತ್ತಲೇ ಇರಲಿಲ್ಲ. ಎರಡು ದಿನ ಮಾವ ಈ ಕೋಣೆಯ ಬಾಗಿಲು ತೆರೆಯಲಿಲ್ಲವಂತೆ. ಮೂರನೇ ದಿನ ಹನ್ನೊಂದನ್ನೂ ಬಿಚ್ಚಿ ಹೊಸದಾಗಿ ಕೊಯ್ಯಲು ಕೂತರು. ಹಳೆಯವು ಇನ್ನೂ ಕಿಟಕಿಯ ಮೇಲೆ ಒಂದು ದಾರದಲ್ಲಿ ಪೋಣಿಸಿಕೊಂಡು ನೇತಾಡುತ್ತಿವೆ.

ಈಗ ಹಲಗೆ ಮತ್ತೆ ಹೊರಗೆ ಬಂದಿದೆ. ಸಾಲ್ಡರಿಂಗ್ ಐರನ್ನಿನ ಮೇಲೆ ಮಾವ ಹಿತ್ತಾಳೆಯ ಕೊಳವೆ ತೊಡಿಸಿದ್ದಾರೆ. ಹಲಗೆಯನ್ನು ಅದಕ್ಕೆ ತಾಗಿಸಿದೊಡನೆ ಚುಂಯ್ ಎಂದು ಹಬೆ ಏಳುತ್ತದೆ. ಕೋಣೆ ತುಂಬ ಒಂದು ವಾಸನೆ. ಅಜ್ಜನ ಮನೆಯ ನಡುಮನೆ, ಮಳೆಗಾಲ, ಮುಚ್ಚಿದ ಕಿಟಕಿ. ನಾನು ಆರು ವರ್ಷದವಳಿದ್ದಾಗ ಮೂಗು ಒತ್ತಿ ನಿಂತಿದ್ದ ಚೌಕಟ್ಟು ಇದೇ. ಮಾವ ಉಸಿರು ಬಿಗಿಹಿಡಿದು ಹಲಗೆಯನ್ನು ಎರಡು ಬೆರಳಲ್ಲಿ ಸವರುತ್ತ, ಎಳೆಯುತ್ತ, ಒತ್ತುತ್ತ ಬಾಗಿಸುತ್ತಾರೆ. ಮೂತಿಯ ಹತ್ತಿರ ಹಡಗು ಗುಂಡಗಿದೆ. ಹಲಗೆ ಅಡ್ಡಕ್ಕೆ ಬಾಗಬೇಕು, ಜೊತೆಗೆ ತಿರುಚಿಕೊಳ್ಳಬೇಕು, ತುದಿಯತ್ತ ಕಿರಿದಾಗುತ್ತ ಹೋಗಬೇಕು. ನಕ್ಷೆಯಲ್ಲಿ ಇದು ಒಂದು ತೆಳ್ಳನೆಯ ಗೆರೆ ಅಷ್ಟೇ. ಮೂರು ಸಂಜೆಗಳಲ್ಲಿ ಈ ಒಂದು ಜಾಗಕ್ಕೆ ನಾಲ್ಕು ಹಲಗೆ ಮುರಿದಿವೆ.

ಮುಂಬಯಿಯ ಕಟ್ಟೆಯಲ್ಲಿ ಇದೇ ಜಾಗದಲ್ಲಿ ಇಪ್ಪತ್ತೈದು ಅಡಿಯ ಹಲಗೆಯನ್ನು ಬಾಗಿಸಿದವರು ಯಾರು? ಮೇಸ್ತ್ರಿಯ ಹೆಸರು ಉಳಿದಿದೆ. ಪಾರ್ಸಿ ಸಂಪ್ರದಾಯದಂತೆ ಅವರು ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದದ್ದೂ ಉಳಿದಿದೆ. ಬಾಚಿ ಹಿಡಿದು ಆ ಹಲಗೆ ಕೆತ್ತಿದವರ, ಹಬೆಯಲ್ಲಿ ಕೈ ಸುಟ್ಟುಕೊಂಡವರ ಹೆಸರುಗಳು ನಮ್ಮ ಕೈಗೆ ಬಂದಿಲ್ಲ. ಮೂತಿಯ ಈ ಬಾಗು ನೋಡುವಾಗೆಲ್ಲ ನನಗೆ ಅವರೇ ನೆನಪಾಗುತ್ತಾರೆ. ಅವರ ಬೆರಳಿನ ಗುರುತು ಬೇರೆಲ್ಲೂ ಇಲ್ಲದಿದ್ದರೂ ಇಲ್ಲಿದೆ.

ಮಾವನ ಅಡಿಮರದಲ್ಲೂ ಬೆಳ್ಳಿ ಇದೆ. ಅತ್ತೆಯ ಸವೆದ ಕಾಲುಂಗುರದ ತುಣುಕನ್ನು ತಂತಿಯಾಗಿ ಎಳೆದು, ಸೂಜಿಯಷ್ಟು ತೂತು ಕೊರೆದು ಇಳಿಸಿದ್ದು. ಕಪ್ಪು ಗೆರೆಯ ನಡುವೆ ಒಂದು ಚುಕ್ಕೆ ಹೊಳೆಯುತ್ತದೆ.

ಇವತ್ತು ಹೊರಗೆ ವಿಚಿತ್ರ ಮೌನ. ಹೆದ್ದಾರಿಯಲ್ಲಿ ಲಾರಿಗಳ ಸದ್ದಿಲ್ಲ. ನಾಳೆ ಜನವರಿ 1, ಕೋರೆಗಾವ್ ಭೀಮಾದ ಜಯಸ್ತಂಭಕ್ಕೆ ಲಕ್ಷಾಂತರ ಜನ ಬರುವ ದಿನ, ಅದಕ್ಕಾಗಿ ದೊಡ್ಡ ವಾಹನಗಳನ್ನು ಶಿರೂರಿನಿಂದಲೇ ಬೇರೆ ದಾರಿಗೆ ತಿರುಗಿಸಿದ್ದಾರೆ. ನೀಲಿ ಬಾವುಟ ಕಟ್ಟಿದ ಬೈಕುಗಳು, ಜೀಪುಗಳು ಮಾತ್ರ ಪುಣೆಯ ದಿಕ್ಕಿಗೆ ಹೋಗುತ್ತಿವೆ. ಕಿಟಕಿಯಿಂದ ಘೋಷಣೆ ಕೇಳಿಬಂದು ದೂರವಾಗುತ್ತದೆ.

ಟ್ರಿಂಕೋಮಲೀ ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಅದಾಗಿ ಎಂಬತ್ತನೇ ದಿನ, ಡಿಸೆಂಬರ್ 31ರ ರಾತ್ರಿ ಎಂಟೂವರೆಗೆ, ಇದೇ ಶಿರೂರಿನ ದಂಡು ಪ್ರದೇಶದಿಂದ ಬ್ರಿಟಿಷ್ ಕ್ಯಾಪ್ಟನ್ ಸ್ಟಾಂಟನ್ನನ ಪಡೆ ಹೊರಟಿತು. ಮಹಾರ್ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದ ಪಡೆ ಅದು, ಜೊತೆಗೆ ಎರಡು ತೋಪು. ರಾತ್ರಿಯಿಡೀ ನಡೆದು ಬೆಳಿಗ್ಗೆ ಕೋರೆಗಾವಿನಲ್ಲಿ ಪೇಶ್ವೆಯ ಸೈನ್ಯವನ್ನು ಎದುರಿಸಿತು. ಜಯಸ್ತಂಭ ಆ ಕಾಳಗದ ನೆನಪಿನದೇ. ಒಂದೇ ಋತುವಿನಲ್ಲಿ ಅಲ್ಲಿ ಹಡಗು, ಇಲ್ಲಿ ಆ ನಡಿಗೆ. ಮಾವ ಹಡಗು ಆರಿಸಿದಾಗ ಈ ಲೆಕ್ಕ ಹಾಕಿರಲಿಲ್ಲ. ತಿಳಿದ ಮೇಲೆ, ಮೂತಿಯ ಹಲಗೆಯನ್ನು ಈ ರಾತ್ರಿಯೇ ಕೂರಿಸಬೇಕೆಂದು ನಿಶ್ಚಯಿಸಿದರು. ನನ್ನನ್ನು ಬೆಂಗಳೂರಿನಿಂದ ಕರೆಸಿದ್ದೂ ಅದಕ್ಕೇ. ಎರಡು ಕೈ ಸಾಲುವುದಿಲ್ಲ ಅಂದಿದ್ದರು.

"ಬಾ, ಈ ಕಡೆ ನಿಂತ್ಕೊ."

ಮೇಜಿನ ಆಚೆ ನಿಲ್ಲುತ್ತೇನೆ. ಬಾಗಿದ ಹಲಗೆ ತಣ್ಣಗಾಗಿ ಒಣಗಿದೆ, ಬಾಗು ಉಳಿದಿದೆ. ಮಾವ ಹಿಂಬದಿಯನ್ನು ಅಸಿಟೋನಿನಿಂದ ಒರೆಸಿ, ಬೆಂಕಿಕಡ್ಡಿಯ ತುದಿಯಿಂದ ಅಂಟು ಸವರುತ್ತಾರೆ. ಹಡಗಿನ ಬಲಮೈಯಲ್ಲಿ ಇದರ ಜೋಡಿ ಹಲಗೆ ನಿನ್ನೆಯೇ ಕೂತಿದೆ. ಒಂದು ಬದಿಯೇ ಮುಂದೆ ಹೋದರೆ ಅಡಿಮರ ತಿರುಚಿಕೊಳ್ಳುತ್ತದೆ, ಹಾಗಾಗಿ ಬಲಕ್ಕೊಂದು ಎಡಕ್ಕೊಂದು ಎಂದೇ ಕೆಲಸ ಸಾಗಬೇಕು. ಮೂತಿಯ ಕಚ್ಚಿಗೆ ತುದಿ ಕೂರುತ್ತದೆ. ಮಾವ ನಿಧಾನವಾಗಿ ಹಿಂದಕ್ಕೆ ಸವರಿಕೊಂಡು ಬರುತ್ತಾರೆ. ಮೊದಲ ಪಕ್ಕೆಲುಬು, ಎರಡನೆಯದು. ಅಲ್ಲಿ ಒಂದು ಕೂದಲೆಳೆಯಷ್ಟು ಸಂದು.

"ಒತ್ತು. ಉಗುರಿಂದಲ್ಲ, ಹೆಬ್ಬೆರಳ ಮೆತ್ತಗಿನ ಕಡೆಯಿಂದ."

ಒತ್ತುತ್ತೇನೆ. ಹಲಗೆ ಒಳಗಿಂದ ತಿರುಗಿ ಒತ್ತುವುದು ಬೆರಳಿಗೆ ತಿಳಿಯುತ್ತದೆ. ಹಿಂದಿನ ನಾಲ್ಕೂ ಇಲ್ಲೇ ಮುರಿದದ್ದು. ಇನ್ನೊಂದಿಷ್ಟು ಒತ್ತುತ್ತೇನೆ, ಸಂದು ಮುಚ್ಚುತ್ತದೆ, ಅಂಟಿನ ಸಣ್ಣ ಬಿಳಿ ಮಣಿ ಹೊರಗೆ ಉಕ್ಕುತ್ತದೆ. ಬಟ್ಟೆ ಕ್ಲಿಪ್ಪು ಈ ಗುಂಡುಜಾಗದಲ್ಲಿ ನಿಲ್ಲದು, ಜಾರುತ್ತದೆ. ಬೆರಳೇ ಕ್ಲಿಪ್ಪು.

"ಎಷ್ಟು ಹೊತ್ತು ಮಾವ?"

"ಚಳಿ ಉಂಟಲ್ಲ. ಅರ್ಧ ಗಂಟೆ ಹಿಡೀಬೇಕು."

ಕೆಳಗಿನಿಂದ ಅತ್ತೆ ಕೂಗುತ್ತಾರೆ, ಊಟಕ್ಕೆ ಬನ್ನಿ, ಭಾಕರಿ ತಣ್ಣಗಾಗ್ತದೆ ಎಂದು. ಮಾವ ಉತ್ತರ ಕೊಡುವುದಿಲ್ಲ. ಮೂತಿಯ ತುದಿಯಲ್ಲಿ ಅವರ ಬೆರಳು, ಎರಡನೇ ಪಕ್ಕೆಲುಬಿನ ಮೇಲೆ ನನ್ನದು. ಗೋಡೆಯ ಗಡಿಯಾರದಲ್ಲಿ ಎಂಟು ಮೂವತ್ತೆರಡು. ರಸ್ತೆಯಲ್ಲಿ ಇನ್ನೊಂದು ಜೀಪು ಘೋಷಣೆ ಕೂಗುತ್ತ ಹಾದುಹೋಗುತ್ತದೆ, ಅದರ ದೀಪದ ಬೆಳಕು ಕಿಟಕಿಯಿಂದ ಬಂದು ಪೋಣಿಸಿಟ್ಟ ಹಳೆಯ ಪಕ್ಕೆಲುಬುಗಳ ಮೇಲೆ ಜಾರುತ್ತದೆ.

"ಅತ್ತೇ, ಒಂಬತ್ತಕ್ಕೆ ಬರ್ತೇವೆ," ಎಂದು ನಾನೇ ಕೂಗುತ್ತೇನೆ, ಬೆರಳು ಕದಲಿಸದೆ.